ಗಡಿಯಾರ ಗೋಪುರದ ಡೇಗೆ

ಸೋಮವಾರ ಬೆಳಗ್ಗೆ ಒಂಬತ್ತೂವರೆ. ಠಾಣೆಯ ನೆಲ ಆಗಷ್ಟೇ ಒರೆಸಿದ್ದು, ಇನ್ನೂ ಹಸಿಯಾಗಿತ್ತು. ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಬ್ಬ ಹೆಂಗಸು ಹೊಸ್ತಿಲಲ್ಲಿ ನಿಂತಳು. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು, ಸೊಂಟದ ಬೆಲ್ಟಿನಲ್ಲಿ ಸ್ಪ್ಯಾನರು. ಪುರಸಭೆಯ ಗಡಿಯಾರ ಗೋಪುರವನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಅವಳು. ಊರಿನ ನಾಲ್ಕು ದಿಕ್ಕಿಗೂ ಒಂದೇ ಹೊತ್ತು ತೋರಿಸುವ ಕೆಲಸ ಅವಳದು.

ಬರೆಯುವ ಮೇಜಿನ ಹಿಂದೆ ಹೆಡ್ ಕಾನ್‌ಸ್ಟೇಬಲ್ ಕೂತಿದ್ದ. ಅವನ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವನು ಮೀಸೆ.

“ಏನಕ್ಕಾ, ಹೊಸ ಚಪ್ಪಲಿ ಕಚ್ತಾ?”

“ಕೊಲೆ ಆಗಿದೆ ಅಣ್ಣ. ದೂರು ಬರ್ಕೊಳ್ಳಿ.”

ಅವಳು ಮುಚ್ಚಳ ತೆಗೆದಳು. ಮೀಸೆಯ ಪೆನ್ನು ನಿಂತಿತು. ಒಳಗಿದ್ದ ಹಕ್ಕಿಯ ಬೆನ್ನು ಮಳೆಮೋಡದ ಬಣ್ಣದ್ದು. ಎದೆಯ ಮೇಲೆ ಯಾರೋ ಬಿಡುವಾಗಿ ಕೂತು ಎಳೆದಂಥ ಸಣ್ಣ ಅಡ್ಡಗೆರೆಗಳು. ಹಳದಿ ಕಾಲಿನ ಬೆರಳು ಬಿಗಿಯಾಗಿ ಮಡಚಿಕೊಂಡಿತ್ತು, ಏನನ್ನೋ ಬಿಡಲೊಲ್ಲದ ಹಾಗೆ. ಕೊಕ್ಕಿನ ಎರಡೂ ಬದಿಗೆ ಕಪ್ಪು ಪಟ್ಟೆ ಇಳಿದಿತ್ತು.

“ಡೇಗೆ, ಗಿಡುಗದ ಜಾತಿ. ಗಂಡು. ಇವನಿಗೂ ನಿಮ್ಮ ಹಾಗೇ ಮೀಸೆ ಇದೆ ನೋಡಿ.”

ಮೀಸೆ ನಗಲಿಲ್ಲ. ತನಗೇ ತಿಳಿಯದೆ ಟೋಪಿ ತೆಗೆದು ಮೇಜಿನ ಮೇಲಿಟ್ಟಿದ್ದ.

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರು ಬಂದರು. ತೆಳ್ಳಗಿನ ಮನುಷ್ಯ, ಮಾತು ಅದಕ್ಕಿಂತ ತೆಳ್ಳಗೆ. ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತರು.

“ಎಲ್ಲಿ ಸಿಕ್ತು?”

“ಉತ್ತರದ ಡಯಲ್ ಕೆಳಗೆ, ಕಲ್ಲಿನ ಅಂಚಿನ ಮೇಲೆ. ಬೆಳಗ್ಗೆ ಕೀ ಕೊಡೋಕೆ ಹತ್ತಿದ್ದೆ.”

“ವಿಷ ಅಂತ ಹೇಗೆ ಹೇಳ್ತೀರಿ?”

“ಪಕ್ಕದಲ್ಲೇ ಅರ್ಧ ತಿಂದ ಪಾರಿವಾಳ ಇದೆ ಸಾರ್. ಅದರ ಮೇಲೆ ಕೂತ ನೊಣಗಳೂ ಸತ್ತು ಬಿದ್ದಿವೆ. ಯಾರೂ ಮುಟ್ಟದ ಹಾಗೆ ಬೋಗುಣಿ ಮುಚ್ಚಿಟ್ಟು ಬಂದಿದೀನಿ.”

“ಮೇಲೆ ಇನ್ನೇನಿದೆ?”

“ಇವನ ಹೆಂಡತಿ ಇದ್ದಾಳೆ. ಮೂರು ಮರಿ. ಹಾರೋಕೆ ಇನ್ನೂ ಮೂರು ವಾರ ಬೇಕು.” ಅವಳು ಮುಚ್ಚಳವನ್ನು ಮೆಲ್ಲಗೆ ಹಾಕಿದಳು. “ಅವಳೂ ಇಂಥದ್ದೇ ಇನ್ನೊಂದು ಪಾರಿವಾಳ ಹಿಡಿದ್ರೆ ಮುಗೀತು. ಈ ಸೀಮೆಗೆ ಉಳ್ಕೊಂಡಿರೋದು ಇದೊಂದೇ ಜೋಡಿ.”

ಆ ಜೋಡಿಗಾಗಿಯೇ ಗೋಪುರದ ಗಂಟೆ ಎರಡು ತಿಂಗಳಿಂದ ಮೂಕವಾಗಿತ್ತು. ಮೊಟ್ಟೆ ಇಟ್ಟದ್ದು ಕಂಡ ದಿನವೇ ಅವಳು ಪುರಸಭೆಗೆ ಹೋಗಿ, ಅಧ್ಯಕ್ಷರನ್ನು ಒಪ್ಪಿಸಿ, ಗಂಟೆಯ ಸುತ್ತಿಗೆಗೆ ಕಂಬಳಿ ಸುತ್ತಿದ್ದಳು. ಮೊದಮೊದಲು ಊರು ಗೊಣಗಿತು. ಆಮೇಲೆ ಜನ ತಲೆಯೆತ್ತಿ ಮುಳ್ಳು ನೋಡಲು ಕಲಿತರು. ಮುಳ್ಳು ನೋಡಲು ಹೋದವರು ಡೇಗೆಯನ್ನೂ ನೋಡಿದರು.

“ಎಫ್‌ಐಆರ್ ಹಾಕಿ. ವನ್ಯಜೀವಿ ಕಾಯ್ದೆ. ಆರೋಪಿ ಅಪರಿಚಿತ” ಎಂದು ಇನ್‌ಸ್ಪೆಕ್ಟರು ಎದ್ದರು. “ಹತ್ತೋಣ.”

ಹತ್ತೋಣ ಎಂದದ್ದು ಸುಲಭ. ಇನ್‌ಸ್ಪೆಕ್ಟರಿಗೆ ಎತ್ತರ ಎಂದರೆ ಆಗದು ಎನ್ನುವುದು ಮೀಸೆಗೆ ಮಾತ್ರ ಗೊತ್ತಿದ್ದ ಗುಟ್ಟು. ಸುರುಳಿ ಮೆಟ್ಟಿಲಿನ ಉದ್ದಕ್ಕೂ ಅವರು ಗೋಡೆ ಸವರಿಕೊಂಡೇ ಹತ್ತಿದರು. ಮೇಲೆ ಗಡಿಯಾರದ ಕೋಣೆ. ನಾಲ್ಕು ಮುಖಕ್ಕೂ ಸೇರಿ ಒಂದೇ ಎದೆ, ಹಿತ್ತಾಳೆಯ ಹಲ್ಲುಚಕ್ರಗಳು ತಣ್ಣಗೆ ತಿರುಗುತ್ತಿದ್ದವು. ಉತ್ತರದ ಕಿಂಡಿಯಿಂದ ಕೈ ಚಾಚಿ ಬೋಗುಣಿ ಎತ್ತಿದರು. ಇಬ್ಬರು ಪಂಚರ ಸಮಕ್ಷಮ ಮೀಸೆ ಪಂಚನಾಮೆ ಬರೆದ: ಪಾರಿವಾಳದ ರೆಕ್ಕೆ ಎರಡು, ಎದೆಯ ಮೂಳೆ ಒಂದು. ಕತ್ತಿನ ಹಿಂಬದಿಯ ಗರಿಗಳ ಬುಡದಲ್ಲಿ ಕಪ್ಪು ಅಂಟು. ಬಲಗಾಲಿನಲ್ಲಿ ಉಂಗುರ ಇಲ್ಲ, ಆದರೆ ಉಂಗುರ ಸವೆದ ಬಿಳಿ ಗುರುತು ಇದೆ.

“ಅಂದ್ರೆ ಸಾಕಿದ ಹಕ್ಕಿ” ಎಂದರು ಇನ್‌ಸ್ಪೆಕ್ಟರು.

ಆಗ ಕಿಂಡಿ ಕತ್ತಲಾಯಿತು. ತಾಯಿ ಡೇಗೆ ಬಂದು ಅಂಚಿನ ಮೇಲೆ ಇಳಿದಿತ್ತು. ಗಂಡಿಗಿಂತ ದೊಡ್ಡದು. ತಲೆ ಓರೆ ಮಾಡಿ ಒಳಗಿದ್ದವರನ್ನು ಒಬ್ಬೊಬ್ಬರಾಗಿ ನೋಡಿತು, ಹಾಜರಿ ತೆಗೆದುಕೊಂಡ ಹಾಗೆ. ಆ ಕಣ್ಣಿನ ಕಪ್ಪು ಎಷ್ಟು ಆಳವಾಗಿತ್ತೆಂದರೆ ಅದರಲ್ಲಿ ಕಿಂಡಿ, ಕೋಣೆ, ಚಕ್ರಗಳು, ಖಾಕಿ ಎಲ್ಲವೂ ಕಾಣುತ್ತಿದ್ದವು. ಇನ್‌ಸ್ಪೆಕ್ಟರು ಗೋಡೆ ಹಿಡಿದುಕೊಂಡಿದ್ದ ಕೈಯನ್ನು ಬಿಟ್ಟಿದ್ದರು. ಬಿಟ್ಟದ್ದು ಅವರಿಗೆ ಕೆಳಗಿಳಿದ ಮೇಲೆ ನೆನಪಾಯಿತು.

ಪ್ರಯೋಗಾಲಯದ ವರದಿ ಬುಧವಾರ ಬಂತು. ಹೊಲಕ್ಕೆ ಹೊಡೆಯುವ ಮದ್ದು, ಗ್ರೀಸಿನಲ್ಲಿ ಕಲಸಿದ್ದು. ಹಚ್ಚಿದ್ದು ಕತ್ತಿನ ಹಿಂದೆ, ಪಾರಿವಾಳದ ಕೊಕ್ಕು ತಲುಪದ ಜಾಗದಲ್ಲಿ.

“ಹೊತ್ತು ತಂದದ್ದು ಸಾಯಬಾರದು, ತಿಂದವನು ಸಾಯಬೇಕು” ಎಂದ ಮೀಸೆ. “ತಲೆ ಓಡ್ಸಿದಾನೆ ಸಾರ್. ಗ್ರೀಸ್ ಅಂದ್ರೆ… ಗೋಪುರದಲ್ಲೂ ಡಬ್ಬಿಗಟ್ಟಲೆ ಇದೆಯಲ್ಲ?”

“ಅಕ್ಕನ ಮೇಲೆ ಅನುಮಾನವಾ?”

“ಪೊಲೀಸ್ ಅಲ್ವಾ ಸಾರ್. ಅಭ್ಯಾಸ.”

“ಹಾಗಾದ್ರೆ ನೀವೇ ಹೋಗಿ ಅವಳ ಪಕ್ಕ ಕೂತ್ಕೊಳ್ಳಿ. ಅನುಮಾನಾನೂ ತೀರುತ್ತೆ, ಗೂಡಿಗೆ ಕಾವಲೂ ಆಗುತ್ತೆ.”

ಹೀಗಾಗಿ ಗುರುವಾರ ಬೆಳಗ್ಗೆ ಮೀಸೆ ದುರ್ಬೀನು ಹಿಡಿದು ಗೋಪುರದ ಮೇಲಿದ್ದ. ಏಳರ ಸುಮಾರಿಗೆ ತಾಯಿ ಡೇಗೆ ಬೇಟೆಗೆ ಎದ್ದಿತು. ಮೇಲೆ, ಇನ್ನೂ ಮೇಲೆ, ಕಣ್ಣಿಗೆ ಒಂದು ಚುಕ್ಕೆಯಾಗುವಷ್ಟು ಮೇಲೆ. ಆ ಹೊತ್ತಿಗೇ ಪೂರ್ವದ ಬಯಲಿನ ಕಡೆಯಿಂದ ಒಂಟಿ ಪಾರಿವಾಳವೊಂದು ಗೋಪುರದತ್ತ ನೇರವಾಗಿ ಹಾರಿಬಂತು. ಸುತ್ತಲಿಲ್ಲ, ಬಳಸಲಿಲ್ಲ, ದಾರ ಹಿಡಿದು ಎಳೆದ ಹಾಗೆ ಬಂತು.

ಮೆಕ್ಯಾನಿಕ್ ದುರ್ಬೀನು ಕಸಿದುಕೊಂಡು ನೋಡಿದಳು. “ಕತ್ತು ನೋಡಿ. ಗರಿ ಅಂಟಿದೆ.”

ಚುಕ್ಕೆ ರೆಕ್ಕೆ ಮಡಚಿತು. ಮೀಸೆ ತನ್ನ ಸರ್ವಿಸಿನಲ್ಲಿ ಬಂದೂಕಿನ ಗುಂಡು ಹಾರಿದ್ದು ನೋಡಿದವನು. ಆದರೂ ಆಕಾಶದಿಂದ ಒಂದು ಜೀವ ತಾನೇ ಕಲ್ಲಾಗಿ, ತಾನೇ ಕಲ್ಲೆಸೆಯುವ ಕೈಯೂ ಆಗಿ ಇಳಿಯುವುದನ್ನು ಅವನು ಕಂಡಿರಲಿಲ್ಲ. ಗಾಳಿ ಸೀಳಿದ ಸದ್ದು ಕೋಣೆಯೊಳಗೂ ಕೇಳಿಸಿತು.

ಮೆಕ್ಯಾನಿಕ್‌ಗೆ ಯೋಚಿಸಲು ಒಂದು ಉಸಿರಿನಷ್ಟು ಹೊತ್ತೂ ಇರಲಿಲ್ಲ. ಗಂಟೆ ಬಾರಿಸಿದರೆ ತಾಯಿ ಬೆದರಿ ಗೂಡನ್ನೇ ಬಿಟ್ಟು ಹೋಗಬಹುದು. ಬಾರಿಸದಿದ್ದರೆ ಸಾವು ಖಂಡಿತ. ಸುತ್ತಿಗೆಯ ಕಂಬಳಿಯನ್ನು ಚಾಕುವಿನಿಂದ ಸರ್ರನೆ ಸೀಳಿ, ತಾನು ಎರಡು ತಿಂಗಳು ಕಾದ ಮೌನವನ್ನು ತಾನೇ ಎರಡೂ ಕೈಯಿಂದ ಹೊಡೆದಳು.

ಗಂಟೆಯ ಸದ್ದಿಗೆ ಊರೇ ಬೆಚ್ಚಿತು. ಡೇಗೆ ಕೊನೆಯ ಗಳಿಗೆಯಲ್ಲಿ ಹೊರಳಿತು. ಅದರ ಉಗುರು ಪಾರಿವಾಳದ ರೆಕ್ಕೆಗಷ್ಟೇ ತಾಗಿ, ಹಕ್ಕಿ ತಿರುಗುತ್ತಾ ಪುರಸಭೆಯ ತಾರಸಿಗೆ ಬಿತ್ತು. ಡೇಗೆ ಒಂದು ಸುತ್ತು ಹಾಕಿ ಉತ್ತರದ ಕಡೆ ಮಾಯವಾಯಿತು.

ಮೀಸೆ ಕೆಳಗೋಡಿ, ಕೈಗವಸು ಹಾಕಿ, ಪಾರಿವಾಳವನ್ನು ಬುಟ್ಟಿಗೆ ಹಾಕಿಕೊಂಡು ಮತ್ತೆ ಮೇಲೆ ಬಂದ. ಅವಳು ಕಿಂಡಿಯ ಹತ್ತಿರ ಮಂಡಿಯೂರಿ ಕೂತಿದ್ದಳು. ಗೂಡಿನಲ್ಲಿ ಮೂರು ಬಿಳಿ ಉಂಡೆಗಳು ಬಾಯಿ ತೆರೆದು ಕೂಗುತ್ತಿದ್ದವು.

“ಬರ್ತಾಳಕ್ಕ” ಎಂದ ಮೀಸೆ.

“ಗೊತ್ತಿಲ್ಲಣ್ಣ.”

ಚಕ್ರಗಳು ಮಾತ್ರ ತಿರುಗುತ್ತಿದ್ದವು. ಕೊನೆಗೆ ಅಂಚಿನ ಮೇಲೆ ರೆಕ್ಕೆಯ ಸದ್ದಾಯಿತು. ತಾಯಿ ಮೊದಲು ಗಂಟೆಯನ್ನೇ ದುರುಗುಟ್ಟಿ ನೋಡಿ, ಆಮೇಲೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡಿತು. ಮೆಕ್ಯಾನಿಕ್ ಮುಖ ಆ ಕಡೆ ತಿರುಗಿಸಿ ಕಂಬಳಿಯ ತುಂಡು ಹುಡುಕತೊಡಗಿದಳು. ಮೀಸೆ ತನ್ನ ಕರವಸ್ತ್ರ ಕೊಟ್ಟ. ಸುತ್ತಿಗೆಗೆ ಸುತ್ತಲೋ ಕಣ್ಣೊರೆಸಲೋ ಎಂದು ಹೇಳಲಿಲ್ಲ. ಅವಳ ಮೇಲಿನ ಅನುಮಾನವಂತೂ ಅಲ್ಲಿಗೆ ತೀರಿತು.

ಪಶುವೈದ್ಯರು ಪಾರಿವಾಳವನ್ನು ಸೋಪಿನ ನೀರಿನಲ್ಲಿ ತೊಳೆದು, ರೆಕ್ಕೆಗೆ ಪಟ್ಟಿ ಕಟ್ಟಿ, ಅಂಗೈಯಲ್ಲಿ ಮಲಗಿಸಿಕೊಂಡು ಗಂಟಲು ಒತ್ತಿ ನೋಡಿದರು.

“ಸಾಹೇಬ್ರೇ, ಇವಳು ಹೆಣ್ಣು. ಗಂಟಲ ಚೀಲದಲ್ಲಿ ಹಾಲು ಕಟ್ತಾ ಇದೆ.”

“ಪಾರಿವಾಳಕ್ಕೆ ಹಾಲಾ?” ಮೀಸೆ ಕೇಳಿದ.

“ಮರಿಗೆ ಕುಡಿಸೋಕೆ. ಮೊಟ್ಟೆ ಒಡೆಯೋ ಹೊತ್ತು ಹತ್ತಿರ ಬಂದಾಗ ಕಟ್ಟುತ್ತೆ. ಇವಳು ಕಾವಿಗೆ ಕೂತಿದ್ದವಳು. ಗೂಡಿಂದ ಎತ್ತಿಕೊಂಡು ಬಂದು ಬಿಟ್ಟಿದಾರೆ.”

ಇನ್‌ಸ್ಪೆಕ್ಟರು ಪಂಜರದ ಮುಂದೆ ಕೂತರು. ಹಕ್ಕಿ ಕಾಳು ಮುಟ್ಟಲಿಲ್ಲ. ಪಂಜರವನ್ನು ಯಾವ ಕಡೆ ತಿರುಗಿಸಿಟ್ಟರೂ ಅದು ಪಶ್ಚಿಮದ ಸರಳಿಗೇ ಎದೆಯೊತ್ತಿ ನಿಲ್ಲುತ್ತಿತ್ತು. ಪೂರ್ವದಿಂದ ಬಂದದ್ದು, ಪಶ್ಚಿಮಕ್ಕೆ ಹೊರಟದ್ದು, ನಡುವೆ ಗೋಪುರ. ಬಿಟ್ಟವನಿಗೆ ಇದೆಲ್ಲ ಲೆಕ್ಕವಿತ್ತು.

ಗೋಪುರದ ಪಶ್ಚಿಮಕ್ಕೆ ಪಂದ್ಯದ ಪಾರಿವಾಳ ಸಾಕುವ ಮನೆಗಳು ನಾಲ್ಕು. ಶುಕ್ರವಾರ ಮೂರು ಮನೆ ಮುಗಿಸುವ ಹೊತ್ತಿಗೆ ಮೀಸೆಯ ಭುಜದ ಮೇಲೆ ಸಾಕಷ್ಟು ಬಿಳಿ ಗುರುತುಗಳಾಗಿದ್ದವು. ಎಲ್ಲರದೂ ಒಂದೇ ಮಾತು: ನಮ್ಮ ಹಕ್ಕಿ ಕಾಣೆಯಾಗಿಲ್ಲ, ನಮಗೇನೂ ಗೊತ್ತಿಲ್ಲ.

ನಾಲ್ಕನೆಯದು ಬೀಗದ ಅಂಗಡಿಯ ಯಜಮಾನರ ಮನೆ. ಕೆಳಗೆ ಅಂಗಡಿ, ನಡುವೆ ಮನೆ, ಮೇಲೆ ತಾರಸಿ. ಸೊಸೆ ಬಾಗಿಲು ತೆರೆದಳು.

“ಮಾವ ಮೇಲಿದ್ದಾರೆ. ಯಾವಾಗ್ಲೂ ಮೇಲೇ. ಊಟಕ್ಕೆ ಕರೆದ್ರೂ ಶಿಳ್ಳೆ ಹಾಕಿದ್ರೇನೇ ಇಳಿಯೋದು.”

ಸಂಜೆ ಆರು ದಾಟಿತ್ತು. ತಾರಸಿಯ ಗೂಡುಗಳು ಒಂದರ ಮೇಲೊಂದು, ಅಂಚೆ ಕಚೇರಿಯ ಖಾನೆಗಳ ಹಾಗೆ ಅಚ್ಚುಕಟ್ಟಾಗಿದ್ದವು. ಪ್ರತಿ ಗೂಡಿಗೂ ಸಣ್ಣ ಚಿಲಕ, ಎಲ್ಲಕ್ಕೂ ಎಣ್ಣೆ ಹಚ್ಚಿತ್ತು. ಯಜಮಾನರು ತಗಡಿನ ಡಬ್ಬಿಯಲ್ಲಿ ಕಾಳು ಕುಲುಕಿ ಹಕ್ಕಿಗಳನ್ನು ಇಳಿಸಿಕೊಳ್ಳುತ್ತಿದ್ದರು.

“ಎಷ್ಟು ಹಕ್ಕಿ?”

“ನಲವತ್ತರ ಮೇಲೆ.”

“ಯಾವುದಾದ್ರೂ ಕಾಣೆ ಆಗಿದ್ಯಾ?”

“ಇಲ್ಲ.”

“ಡೇಗೆ ಹಿಡಿದದ್ದು?”

“ಹಿಡಿಯುತ್ತೆ. ಅದರ ಹೊಟ್ಟೆಪಾಡು.”

“ಸಿಟ್ಟಿಲ್ವಾ?”

“ಯಾರ ಮೇಲೆ ಸಾರ್, ಆಕಾಶದ ಮೇಲಾ?”

ಇನ್‌ಸ್ಪೆಕ್ಟರು ತಾರಸಿಯ ಅಂಚಿನಿಂದ ದೂರವೇ ನಿಂತು ಗೂಡುಗಳನ್ನು ನೋಡುತ್ತಾ ಬಂದರು. ಕೆಳಸಾಲಿನ ಒಂದರಲ್ಲಿ ಬೂದುಬಣ್ಣದ ಹಕ್ಕಿಯೊಂದು ಕದಲದೆ ಕೂತಿತ್ತು. ಕಾಳಿನ ಸದ್ದಿಗೂ ಎದ್ದಿರಲಿಲ್ಲ.

“ಇದು?”

“ಕಾವಿಗೆ ಕೂತಿದಾನೆ.”

“ಗಂಡಾ?”

“ಗಂಡು. ಕತ್ತು ನೋಡಿ, ಹೇಗೆ ಹೊಳೀತಾ ಇದೆ. ನನ್ನ ಹತ್ರ ಇರೋರಲ್ಲೇ ಒಳ್ಳೇ ತಂದೆ.” ಯಜಮಾನರ ದನಿಯಲ್ಲಿ ಹೆಮ್ಮೆ ತಾನಾಗಿ ಬಂದಿತ್ತು.

“ಒಳ್ಳೇದು” ಎಂದು ಇನ್‌ಸ್ಪೆಕ್ಟರು ಕೆಳಗಿಳಿದರು.

ಶನಿವಾರ ಬೆಳಗ್ಗೆ ಪಶುವೈದ್ಯರಿಗೆ ಫೋನ್ ಮಾಡಿದರು. “ಒಂದೇ ಪ್ರಶ್ನೆ. ಕಾವಿಗೆ ಯಾರು ಯಾವಾಗ ಕೂರ್ತಾರೆ?”

“ಹಗಲು ಗಂಡು, ಸಂಜೆಯಿಂದ ಬೆಳಗಿನ ತನಕ ಹೆಣ್ಣು. ಪಾಳಿ ತಪ್ಪಿಸಲ್ಲ. ನಿಮ್ಮ ಪೇದೆಗಳ ಹಾಗಲ್ಲ.”

“ಸಂಜೆ ಆರರ ಮೇಲೂ ಗಂಡೇ ಕೂತಿದ್ರೆ?”

“ಹಾಗಾದ್ರೆ ಅವನ ಹೆಂಡತಿ ನನ್ನ ಪಂಜರದಲ್ಲಿದ್ದಾಳೆ ಸಾಹೇಬ್ರೇ.”

ಅದೇ ದಿನ ಸಂಜೆ ಐದೂವರೆ. ಬೀಗದ ಅಂಗಡಿಯ ಬೀದಿಯ ಬಾಯಲ್ಲಿ ಪಂಚರಾಗಿ ಅಂಚೆ ಗುಮಾಸ್ತರು ಮತ್ತು ಬೇಕರಿಯಾಕೆ ನಿಂತಿದ್ದರು. ಮೀಸೆ ಬುಟ್ಟಿಯನ್ನು ನೆಲಕ್ಕಿಟ್ಟ.

“ಸಾರ್, ಪಂಚನಾಮೆಯಲ್ಲಿ ಇವಳನ್ನ ಮುದ್ದೆಮಾಲು ಅಂತ ಬರೀಲಾ, ಸಾಕ್ಷಿ ಅಂತ ಬರೀಲಾ?”

“ಮೊದಲು ಏನು ಮಾಡ್ತಾಳೆ ನೋಡೋಣ. ಯಾರೂ ಮುಟ್ಟಬೇಡಿ.”

ಮುಚ್ಚಳ ತೆಗೆದರು. ಪಟ್ಟಿ ಕಟ್ಟಿದ ರೆಕ್ಕೆ ಹೊತ್ತು ಹಕ್ಕಿ ಹೊರಗೆ ಬಂದು ನಿಂತಿತು. ಹಾರಲು ಒಮ್ಮೆ ಮೈ ಎತ್ತಿತು, ಆಗಲಿಲ್ಲ. ಆಗ ಮೂರು ಮನೆಯಾಚೆಯ ತಾರಸಿಯಿಂದ ಡಬ್ಬಿಯ ಸದ್ದು ಕೇಳಿತು. ಪಾರಿವಾಳ ತಲೆಯೆತ್ತಿತು. ಆಮೇಲೆ ನಡೆಯಿತು.

ಆಕಾಶವನ್ನೇ ದಾರಿ ಮಾಡಿಕೊಂಡಿದ್ದ ಜೀವ ಅಂದು ಚರಂಡಿಯ ಅಂಚು ಹಿಡಿದು, ನಿಲ್ಲಿಸಿದ ಗಾಡಿಗಳ ಅಡಿಯಿಂದ ನುಸುಳಿ, ಪ್ರತಿ ಹೆಜ್ಜೆಗೂ ಕತ್ತು ಮುಂದೆ ಹಾಕಿ, ಗೃಹಿಣಿ ಸಂತೆಯಿಂದ ಮನೆಗೆ ಹೊರಟ ಅವಸರದಲ್ಲಿ ನಡೆಯಿತು. ಹಿಂದೆ ಖಾಕಿ, ಅದರ ಹಿಂದೆ ಪಂಚರು. ಎದುರಿನಿಂದ ಬಂದ ಸ್ಕೂಟರಿಗೆ ಮೀಸೆ ಕೈ ಅಡ್ಡ ಹಿಡಿದ.

“ಸ್ವಲ್ಪ ನಿಲ್ಲಪ್ಪ. ಸರ್ಕಾರಿ ಸಾಕ್ಷಿ ದಾಟ್ತಾ ಇದೆ.”

ಮೊದಲನೆಯ ಮನೆ ದಾಟಿತು. ಎರಡನೆಯದು ದಾಟಿತು. ಅಲ್ಲಿಯೂ ಒಂದು ಪಾರಿವಾಳದ ತಾರಸಿಯಿತ್ತು, ಅದು ತಿರುಗಿಯೂ ನೋಡಲಿಲ್ಲ. ಬೀಗದ ಅಂಗಡಿಯ ಪಕ್ಕದ ಹೊರಮೆಟ್ಟಿಲಿಗೆ ಬಂದು, ಒಂದೊಂದನ್ನೂ ಕುಪ್ಪಳಿಸಿ ಹತ್ತತೊಡಗಿತು. ನಡುವೆ ಒಮ್ಮೆ ಜಾರಿ ಎರಡು ಮೆಟ್ಟಿಲು ಕೆಳಗೆ ಬಿತ್ತು. ಬೇಕರಿಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೀಸೆ ಬಗ್ಗಿ ಕೈ ಚಾಚಿದವನು ಇನ್‌ಸ್ಪೆಕ್ಟರ ಮುಖ ನೋಡಿ ಹಿಂತೆಗೆದ. ಹಕ್ಕಿ ಎದ್ದು ಮತ್ತೆ ಹತ್ತಿತು. ಕಂಬಿಯಿಲ್ಲದ ಆ ಮೆಟ್ಟಿಲಲ್ಲಿ ಇನ್‌ಸ್ಪೆಕ್ಟರು ಅದರ ಬೆನ್ನನ್ನಷ್ಟೇ ನೋಡುತ್ತಾ, ಕೆಳಗೆ ನೋಡದೆ, ತಾವೂ ಹತ್ತಿದರು.

ತಾರಸಿಯಲ್ಲಿ ಯಜಮಾನರು ಬೆನ್ನು ತೋರಿಸಿ ನಿಂತಿದ್ದರು. ಒಂದು ಕೈಗೆ ರಬ್ಬರಿನ ಗವಸು. ಪಕ್ಕದಲ್ಲಿ ಬಾಯಿ ಕಟ್ಟಿದ ಬುಟ್ಟಿ.

ಪಾರಿವಾಳ ಅವರ ಕಾಲ ಹತ್ತಿರದಿಂದಲೇ ಹಾದು ಕೆಳಸಾಲಿನ ಗೂಡಿಗೆ ಹೋಯಿತು. ಕಾವಿಗೆ ಕೂತಿದ್ದ ಗಂಡು ಎದ್ದಿತು. ಎರಡೂ ಒಮ್ಮೆ ಕತ್ತಿಗೆ ಕತ್ತು ತಾಗಿಸಿದವು. ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯಡಿ ಸರಿಸಿಕೊಂಡು ಕೂತಿತು. ಗಂಡು ನೇರ ನೀರಿನ ತಟ್ಟೆಗೆ ಹೋಗಿ, ತಲೆಯೆತ್ತದೆ, ಬಹಳ ಹೊತ್ತು ಕುಡಿಯಿತು.

“ಯಜಮಾನ್ರೇ, ಇವಳು ನಿಮ್ಮವಳಲ್ಲ ಅಂತೀರಾ?”

ಅವರು ಗವಸು ಕಳಚಿದರು. “ನಾನು ಅಂದ್ರೂ ಅವಳು ಒಪ್ಪಲ್ಲ ಸಾರ್.”

ಬುಟ್ಟಿಯಲ್ಲಿ ಮೂರನೆಯ ಪಾರಿವಾಳ ಸಿದ್ಧವಾಗಿತ್ತು, ಕತ್ತಿಗೆ ಕಪ್ಪು ಅಂಟು ಹಚ್ಚಿ. ಭಾನುವಾರ ಬೆಳಗ್ಗೆ ಬಿಡುವುದಿತ್ತು. ಬೀಗಕ್ಕೆ ಹಾಕುವ ಗ್ರೀಸಿನ ಡಬ್ಬಿ, ಮದ್ದಿನ ಬಾಟಲಿ, ಬಿಚ್ಚಿಟ್ಟ ಉಂಗುರ ಮೂರು, ಎಲ್ಲವನ್ನೂ ಜಪ್ತಿ ಮಾಡಲಾಯಿತು. ಆರೂ ಹತ್ತಕ್ಕೆ ಬಂಧನ. ಹೊರಡುವಾಗ ಯಜಮಾನರು ಸೊಸೆಗೆ ಹೇಳಿದ್ದು ಒಂದೇ ಮಾತು: “ಗಂಡಿಗೆ ಇವತ್ತು ಕಾಳು ಜಾಸ್ತಿ ಹಾಕಮ್ಮ.”

ಭಾನುವಾರ ಬೆಳಗ್ಗೆ ಉಳಿದ ಮೂರು ಮನೆಯವರು, ಯಾರೂ ಕರೆಸದೆ, ಠಾಣೆಗೆ ಬಂದು ಸಾಲಾಗಿ ನಿಂತರು. ಹಿರಿಯನೊಬ್ಬ ಕೆಮ್ಮಿ ಹೇಳಿದ: “ಡೇಗೆ ಮರಿ ಹಾರೋ ತನಕ ನಾವು ಬೆಳಗ್ಗೆ ಹೊತ್ತು ಗೂಡು ತೆಗೆಯಲ್ಲ ಸಾರ್. ಅದು ಕಾಡು ಪಾರಿವಾಳ ಹಿಡ್ಕೊಳ್ಳಲಿ. ಪಂದ್ಯ ಮುಂದಿನ ವರ್ಷಾನೂ ಬರುತ್ತೆ.” ಇನ್‌ಸ್ಪೆಕ್ಟರು ಎದ್ದು ನಿಂತು ಅವರ ಕೈ ಕುಲುಕಿದರು.

ಯಜಮಾನರ ಹೇಳಿಕೆಯನ್ನು ಕಿಟಕಿಯ ಪಕ್ಕದ ಮೇಜಿನಲ್ಲಿ ಬರೆದುಕೊಳ್ಳಲಾಯಿತು. ಹಕ್ಕಿ ಸಾಕುವುದನ್ನು ಕಲಿಸಿದ್ದು ಅವರ ಅಣ್ಣ. ಅಣ್ಣ ತೀರಿಹೋಗುವ ಮುನ್ನ ಕೊನೆಯದಾಗಿ ಕೈಯಾರೆ ಗುಟುಕು ಕೊಟ್ಟು ಬೆಳೆಸಿದ ಬಿಳಿ ಪಾರಿವಾಳವೊಂದಿತ್ತು. ಆ ಹಕ್ಕಿಯ ಮೈಯಲ್ಲಿ ಅಣ್ಣನ ಕೈ ಇನ್ನೂ ಬೆಚ್ಚಗಿದೆ ಎಂದು ಅವರಿಗೆ ಅನಿಸುತ್ತಿತ್ತು. ಡೇಗೆ ಅದನ್ನು ಅವರ ಕಣ್ಣೆದುರೇ ಒಯ್ದಿತು.

“ಏನು ಇಳೀತು ಸಾರ್ ಅದು” ಎಂದರು ಅವರು, ಮೆಲ್ಲಗೆ. “ಆಯಸ್ಸೆಲ್ಲ ಹಕ್ಕಿ ಹಾರೋದನ್ನೇ ನೋಡಿದೀನಿ. ಅಂಥದ್ದು ನೋಡಿಲ್ಲ. ಅಣ್ಣನ ಹಕ್ಕಿ ಸಾಯ್ತಾ ಇದೆ, ನಾನು ಬಾಯಿ ಬಿಟ್ಕೊಂಡು ಡೇಗೆ ನೋಡ್ತಾ ನಿಂತಿದೀನಿ. ಆ ನೋಡಿದ್ದನ್ನ ನನಗೆ ಸಹಿಸೋಕಾಗ್ಲಿಲ್ಲ.”

ಮೀಸೆಯ ಪೆನ್ನು ಓಡುತ್ತಿತ್ತು. ಇನ್‌ಸ್ಪೆಕ್ಟರು ಕೇಳಿದರು: “ಕಾವಿಗೆ ಕೂತವಳನ್ನೇ ಯಾಕೆ ಆರಿಸಿದ್ರಿ?”

“ಬೇರೆ ಹಕ್ಕಿ ಬಿಟ್ರೆ ಊರೆಲ್ಲ ಸುತ್ತಾಡಿಕೊಂಡು ಬರುತ್ತೆ. ಗೂಡಲ್ಲಿ ಮೊಟ್ಟೆ ಇರೋಳು ಏನಕ್ಕೂ ಹೆದರಲ್ಲ ಸಾರ್. ಏನೇ ಅಡ್ಡ ಬಂದ್ರೂ ನೇರ ಮನೆಗೇ…”

ಅವರು ಕಿಟಕಿಯತ್ತ ತಿರುಗಿದರು. ಕಿಟಕಿಯಾಚೆ ಗೋಪುರ ಕಾಣುತ್ತಿತ್ತು. ಉಗುರಿನಲ್ಲಿ ಏನನ್ನೋ ಹಿಡಿದುಕೊಂಡು, ಗಾಳಿಗೆ ಎದುರಾಗಿ, ಒಂಟಿಯಾಗಿ ತಾಯಿ ಡೇಗೆ ಉತ್ತರದ ಅಂಚಿಗೆ ನೇರವಾಗಿ ಬರುತ್ತಿತ್ತು. ಅದು ಇಳಿಯುವವರೆಗೂ ಯಜಮಾನರು ನೋಡಿದರು. ಆಮೇಲೂ ನೋಡುತ್ತಲೇ ಇದ್ದರು.

“ಇವರು ನೋಡಿದ್ದನ್ನೂ ಬರೀಲಾ ಸಾರ್?” ಮೀಸೆ ಕೇಳಿದ.

“ಬರೀರಿ.”

ಮೂರು ವಾರ ಕಳೆದ ಮೇಲೆ ಒಂದು ಮಂಗಳವಾರ, ಮೂರನೆಯ ಮರಿಯೂ ಹಾರಿದ ಬೆಳಗ್ಗೆ, ಮೆಕ್ಯಾನಿಕ್ ಸುತ್ತಿಗೆಯಿಂದ ಮೀಸೆಯ ಕರವಸ್ತ್ರ ಬಿಚ್ಚಿದಳು. ಹತ್ತು ಗಂಟೆಗೆ ಗೋಪುರ ಹತ್ತು ಸಲ ಬಾರಿಸಿತು. ಠಾಣೆಯಲ್ಲಿ, ಬೇಕರಿಯಲ್ಲಿ, ಅಂಚೆ ಕಚೇರಿಯಲ್ಲಿ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದರು. ಜಾಮೀನಿನ ಮೇಲೆ ಬಂದಿದ್ದ ಬೀಗದ ಯಜಮಾನರೂ ಅಂಗಡಿಯ ಮೆಟ್ಟಿಲಿಳಿದು, ಹಣೆಗೆ ಕೈ ಮರೆ ಮಾಡಿಕೊಂಡು, ಎಲ್ಲರ ಹಾಗೆ ಆಕಾಶ ನೋಡುತ್ತಾ ನಿಂತರು.